ನಿಂತ ಕಾರಿನ ದುಡ್ಡು, ಓಡೋ ಟ್ರಾಮು

ಎಲ್ರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲನೇ ತಿಂಗಳು ಪೇ ಸ್ಲಿಪ್ ನೋಡ್ತೀನಿ, ಟ್ಯಾಕ್ಸು ಪೆನ್ಷನ್ನು ಎಲ್ಲಾ ಕಳೆದ ಮೇಲೆ ಪಾರ್ಕಿಂಗ್ ಅಂತ ಇನ್ನೊಂದು ಸಾಲು. ಜಾಗ ಆಫೀಸಿನವರದ್ದೇ, ನಾನು ಬರ್ತಿರೋದೂ ಅವರ ಕೆಲಸಕ್ಕೇ, ಮತ್ತೆ ಇದಕ್ಯಾಕೆ ದುಡ್ಡು ಹಿಡೀತಾರೆ ಅಂತ ಸಿಕ್ಕಾಪಟ್ಟೆ ಸಿಟ್ಟು ಬಂದಿತ್ತು. ಆ ಸಿಟ್ಟಲ್ಲೇ ವಿಚಾರಿಸ್ತಾ ಹೋಗಿ ತಿಳ್ಕೊಂಡಿದ್ದನ್ನ ಇವತ್ತು ಹೇಳ್ತೀನಿ.

ಇದರ ಹೆಸರು ವರ್ಕ್‌ಪ್ಲೇಸ್ ಪಾರ್ಕಿಂಗ್ ಲೆವಿ. ಕಾನೂನು 2000ದಲ್ಲೇ ಬಂದಿತ್ತು, ಆದ್ರೆ ಬ್ರಿಟನ್ನಿನಲ್ಲಿ ಮೊದಲು ಧೈರ್ಯ ಮಾಡಿದ್ದು ನಾಟಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್, 2012ರ ಏಪ್ರಿಲ್‌ನಿಂದ ವಸೂಲಿ ಶುರುವಾಯ್ತು. ಕೆಲಸದವರು ಕಾರು ನಿಲ್ಲಿಸೋಕೆ 11 ಅಥವಾ ಅದಕ್ಕಿಂತ ಜಾಸ್ತಿ ಜಾಗ ಇಟ್ಕೊಂಡಿರೋ ಮಾಲೀಕರು ಒಂದೊಂದು ಜಾಗಕ್ಕೂ ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು, ಮೊದಲು 288 ಪೌಂಡ್ ಇತ್ತು, ಆಮೇಲೆ ಏರ್ತಾ ಬಂತು. ಅಂಗಡಿಗೆ ಬರೋ ಗಿರಾಕಿಗಳ ಜಾಗಕ್ಕೆ ಇದಿಲ್ಲ, ಬ್ಲೂ ಬ್ಯಾಡ್ಜ್ ಇರೋ ಅಂಗವಿಕಲರಿಗೂ ಇಲ್ಲ. ಕಟ್ಟೋ ಹೊಣೆ ಮಾಲೀಕರದ್ದೇ, ಆದ್ರೆ ಅವರು ಅದನ್ನ ಕೆಲಸದವರಿಂದ ವಸೂಲಿ ಮಾಡ್ಕೊಬಹುದು, ಹಾಗಾಗಿ ನನ್ನ ಪೇ ಸ್ಲಿಪ್‌ಗೆ ಬಂತು.

ಈ ದುಡ್ಡನ್ನ ಸಾರಿಗೆಗೆ ಬಿಟ್ಟು ಬೇರೆಲ್ಲೂ ಖರ್ಚು ಮಾಡೋ ಹಾಗಿಲ್ಲ. ಇದು ಗೊತ್ತಾದ ಮೇಲೆ ನನ್ನ ಮನಸ್ಸು ನಿಧಾನಕ್ಕೆ ತಿರುಗಿತು. 2004ರಲ್ಲಿ ಹಕ್ನಲ್ ಕಡೆಗೆ ಮೊದಲ ಟ್ರಾಮ್ ಬಂತು, 2015ರ ಆಗಸ್ಟ್‌ನಲ್ಲಿ ಕ್ಲಿಫ್ಟನ್‌ಗೂ ಟೋಟನ್ ಕಡೆಗೂ ಇನ್ನೆರಡು ದಾರಿ, ಆ ಎರಡರ ಖರ್ಚಲ್ಲಿ ಊರಿನ ಪಾಲು ಬಂದಿದ್ದು ಮುಖ್ಯವಾಗಿ ಈ ಲೆವಿಯಿಂದ, ಅಂದ್ರೆ ಇಡೀ ದಿನ ಸುಮ್ಮನೆ ನಿಂತಿರೋ ಕಾರುಗಳೇ ಟ್ರಾಮ್ ಓಡಿಸಿದ್ವು. ಒಂದು ವಿಷಯದಲ್ಲಿ ಮಾತ್ರ ನಂಗೆ ಇವತ್ತಿಗೂ ಸಮಾಧಾನ ಇಲ್ಲ. ಟ್ರಾಮ್ ರಾತ್ರಿಯೆಲ್ಲಾ ಓಡಲ್ಲ, ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಹೋಗೋರು ಕಾರು ಬಿಟ್ಟು ಏನು ಮಾಡ್ಬೇಕು? ಅಂಥವರ ಸಂಬಳದಿಂದ ಇದನ್ನ ಹಿಡಿಯೋದು ಅನ್ಯಾಯ, ಆ ಹೊರೆ ಮಾಲೀಕರೇ ಹೊರಬೇಕು.

ಇನ್ನು ಈ ಊರಿನ ಪಾರ್ಕುಗಳ ವಿಷಯ, ನಂಗೆ ತುಂಬಾ ಇಷ್ಟವಾದದ್ದು. ಕ್ಲಿಫ್ಟನ್ ಟ್ರಾಮ್ ರೈಲ್ವೆ ಸ್ಟೇಷನ್ ದಾಟಿ ಮೆಡೋಸ್ ಬಡಾವಣೆಗೆ ಬಂದ ಮೇಲೆ ಕ್ವೀನ್ಸ್ ವಾಕ್ ಅನ್ನೋ ಮರಗಳ ಸಾಲಿನ ದಾರಿಯಲ್ಲಿ ಹೋಗುತ್ತೆ. ಆ ದಾರಿ ಉಳಿದಿದ್ದರ ಹಿಂದೆ 1845ರ ಒಂದು ಕಾಯ್ದೆ ಇದೆ. ಅಲ್ಲೀವರೆಗೂ ಊರಿನ ಸುತ್ತ ನಮ್ಮ ಗೋಮಾಳದ ಥರ ಜಮೀನು, ಅದರಲ್ಲಿ ಮನೆ ಕಟ್ಟೋ ಹಾಗಿಲ್ಲ, ಜನ ಮಾತ್ರ ಹೆಚ್ಚುತ್ತಲೇ ಇದ್ರು, ಊರ ನಡುವೆ ಬೆಳಕು ಗಾಳಿ ಇಲ್ಲದ ಕೊಳೆಗೇರಿಗಳಲ್ಲಿ ಒತ್ತೊತ್ತಾಗಿ ಬದುಕ್ತಿದ್ರು. ಕೊನೆಗೆ ಆ ಜಮೀನನ್ನ ಹಂಚಿ ಮನೆ ಕಟ್ಟೋಕೆ ಬಿಟ್ಟಾಗ ಸುಮಾರು 130 ಎಕರೆಯನ್ನ ಜನರ ಓಡಾಟಕ್ಕೆ ಆಟಕ್ಕೆ ಅಂತ ಎತ್ತಿಟ್ರು. 1852ರಲ್ಲಿ ತೆರೆದ ಆರ್ಬೊರೇಟಮ್ ಪಾರ್ಕು, ಕ್ವೀನ್ಸ್ ವಾಕು, ಫಾರೆಸ್ಟ್ ಮೈದಾನ ಎಲ್ಲಾ ಆಗ ಉಳಿದಿದ್ದು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ಟೀಮಿನ ಹೆಸರಲ್ಲಿರೋ ಫಾರೆಸ್ಟ್ ಕೂಡ ಇದೇ ಮೈದಾನ.

ಈಗ ಆ ಮೈದಾನದ ಒಂದು ಕಡೆ ಪಾರ್ಕ್ ಅಂಡ್ ರೈಡ್ ಇದೆ, ಹೊರಗಿಂದ ಬಂದೋರು ಕಾರು ಅಲ್ಲಿ ಬಿಟ್ಟು ಟ್ರಾಮ್ ಹತ್ತಿ ಊರೊಳಗೆ ಹೋಗ್ತಾರೆ. ಊರ ನಡುವೆ ಕಾರು ಕಮ್ಮಿಯಾಗೋದು ಒಳ್ಳೇದೇ, ಆದ್ರೂ ಜನರಿಗೆ ಅಂತ ಎತ್ತಿಟ್ಟ ಜಾಗದಲ್ಲಿ ಕಾರುಗಳ ಸಾಲು ನೋಡಿದಾಗೆಲ್ಲಾ ನಂಗೆ ಕಸಿವಿಸಿ ಆಗುತ್ತೆ. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಗೂಸ್ ಫೇರ್ ಬಂದಾಗ ಮಾತ್ರ ಆ ಪಾರ್ಕಿಂಗ್ ಮುಚ್ಚಿ ಜಾಗ ಪೂರಾ ಜಾತ್ರೆಗೆ ಬಿಡ್ತಾರೆ. ಮೊದಲು ಊರ ನಡುವಿನ ಮಾರ್ಕೆಟ್ ಸ್ಕ್ವೇರ್‌ನಲ್ಲಿ ನಡೀತಿದ್ದ ಜಾತ್ರೆ ಇದು, 1928ರಿಂದ ಫಾರೆಸ್ಟ್‌ಗೆ ಬಂತು. ಈ ಸಲ ಜಾತ್ರೆ ನಡೆಯುವಾಗ ನೀವೂ ಮಕ್ಕಳನ್ನ ಕರ್ಕೊಂಡು ಬನ್ನಿ, ಟ್ರಾಮಲ್ಲೇ ಬನ್ನಿ, ಫಾರೆಸ್ಟ್ ಸ್ಟಾಪಲ್ಲಿ ಇಳಿದ್ರೆ ಜಾತ್ರೆ ಎದುರಿಗೇ ಇರುತ್ತೆ.