ಕೈಗವಸು ಬಿಚ್ಚುವ ವಿದ್ಯೆ

ಅಧ್ಯಕ್ಷರೆ, ಪೀಣ್ಯದ ಕಾರ್ಖಾನೆಗಳ ಮಾಲೀಕ ಮಿತ್ರರೆ, ಕಾರ್ಮಿಕ ಬಂಧುಗಳೆ,

ರಾಷ್ಟ್ರೀಯ ಸುರಕ್ಷತಾ ದಿನವಾದ ಮಾರ್ಚ್ 4ರ ಸಂಪ್ರದಾಯದಂತೆ ಈಗಷ್ಟೇ ನಾವೆಲ್ಲರೂ ಎದ್ದುನಿಂತು, ಬಲಗೈ ಮುಂದೆ ಚಾಚಿ ಸುರಕ್ಷತಾ ಪ್ರತಿಜ್ಞೆಯನ್ನು ಸ್ವೀಕರಿಸಿದೆವು. ವೇದಿಕೆಯಿಂದ ನೋಡುತ್ತಿದ್ದ ನನಗೆ ಆ ಕೈಗಳೆಲ್ಲದರಲ್ಲೂ ಐದೈದು ಬೆರಳು ಕಾಣಲಿಲ್ಲ. ಲೋಹ ಕಡೆಯುವ ಲೇತ್ ಮತ್ತು ತಗಡು ಒತ್ತುವ ಪವರ್ ಪ್ರೆಸ್‌ಗಳ ನಡುವೆ ಬದುಕುವ ಈ ಸಭೆಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ಕೈಗವಸನ್ನು ತಪ್ಪದೆ ಧರಿಸಿರಿ ಎಂದು ಹೇಳಲು ನನ್ನನ್ನು ಕರೆಸಿದ್ದೀರಿ. ನಾನು ಮಾತ್ರ ಅದನ್ನು ಎಲ್ಲಿ ಬಿಚ್ಚಿಡಬೇಕು ಎಂಬಲ್ಲಿಂದಲೇ ಆರಂಭಿಸುತ್ತೇನೆ.

ನಾನು ತರಬೇತಿಗೆ ಸೇರಿದ ವರ್ಕ್‌ಶಾಪಿನಲ್ಲಿ ಒಬ್ಬ ಹಿರಿಯ ಫೋರ್‌ಮನ್ ಇದ್ದರು. ಅವರ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಹೊಸಬರ ಮುಂದೆ ಬೆರಳು ಮಡಚಿ ಎಣಿಸುತ್ತ, ‘ನನ್ನ ಲೆಕ್ಕ ಒಂಬತ್ತೂವರೆಗೇ ನಿಲ್ಲುತ್ತೆ ಕಣಪ್ಪ’ ಎಂದು ನಗಿಸುವುದು ಅವರ ರೂಢಿ. ಮೊದಲ ದಿನ ನಾನು ಹೊಸ ಕೈಗವಸು ತೊಟ್ಟು, ಬಹಳ ಶಿಸ್ತಿನ ಹುಡುಗನೆಂಬ ಹೆಮ್ಮೆಯಿಂದ ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತೆ. ಅವರು ಬಂದವರೇ ಸ್ವಿಚ್ ಆರಿಸಿ, ‘ಬಿಚ್ಚು ಅದನ್ನ, ಮರಿ’ ಎಂದರು. ಸುರಕ್ಷತೆಗಾಗಿ ಹಾಕಿಕೊಂಡಿದ್ದೇನೆ ಎಂದೆ. ಅವರು ವಾದಿಸಲಿಲ್ಲ. ಹಳೆಯ ಗ್ಲೌಸೊಂದನ್ನು ಇಕ್ಕಳದ ತುದಿಯಲ್ಲಿ ಹಿಡಿದು, ಮಷೀನ್ ಚಾಲೂ ಮಾಡಿ, ಅದರ ಒಂದು ಎಳೆಯನ್ನಷ್ಟೇ ಡ್ರಿಲ್ಲಿಗೆ ತಾಗಿಸಿದರು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಇಕ್ಕಳದಲ್ಲಿ ಏನೂ ಉಳಿದಿರಲಿಲ್ಲ. ಗ್ಲೌಸ್ ಡ್ರಿಲ್ಲಿನ ಸುತ್ತ ಬಿಗಿಯಾಗಿ ಹುರಿಗೊಂಡಿತ್ತು. ‘ಒಳಗೆ ನಿನ್ನ ಕೈ ಇದ್ದಿದ್ದರೆ?’ ಎಂದು ಕೇಳಿ ಚಹಾ ಕುಡಿಯಲು ಹೋದರು.

ಈ ಮಾತಿನ ಹಿಂದಿನ ಗಣಿತ ಸರಳವಾದುದು. ನಿಮಿಷಕ್ಕೆ 600 ಸುತ್ತು ತಿರುಗುವ ಡ್ರಿಲ್ ಸೆಕೆಂಡಿಗೆ 10 ಸುತ್ತು ತಿರುಗುತ್ತದೆ. ಅಪಾಯ ಕಂಡು ಕೈ ಹಿಂದೆಗೆಯಲು ನಮಗೆ ಸುಮಾರು ಕಾಲು ಸೆಕೆಂಡು ಬೇಕೆಂದರೂ ಅಷ್ಟರಲ್ಲಿ ಅದು ಎರಡೂವರೆ ಸುತ್ತು ಮುಗಿಸಿರುತ್ತದೆ. ಡ್ರಿಲ್ 25 ಮಿ.ಮೀ. ದಪ್ಪವಿದ್ದರೆ ಸುಮಾರು 20 ಸೆಂ.ಮೀ. ಬಟ್ಟೆಯನ್ನು ಒಳಗೆಳೆದುಕೊಂಡಿರುತ್ತದೆ. ಬರಿಗೈಗೆ ಗಾಯವಾಗಬಹುದಾದ ಜಾಗದಲ್ಲಿ ಗ್ಲೌಸು ತೊಟ್ಟ ಕೈ ಬೆರಳನ್ನೇ ಕಳೆದುಕೊಳ್ಳುತ್ತದೆ. ಚಲಿಸುವ ಯಂತ್ರದ ಬಳಿ ಹೋಗುವವನಿಗೆ ಮೈಗೆ ಬಿಗಿಯಾದ ಉಡುಪನ್ನೇ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಇದು ತಿಳಿದಿತ್ತು. ಕಬ್ಬಿನ ಗಾಣಕ್ಕೆ ಕೈ ಕೊಟ್ಟವರನ್ನು ಕಂಡಿರುವ ಮಂಡ್ಯದ ಕಡೆಯವರಿಗೂ ತಿಳಿದಿದೆ. ಲೇತಿನಿಂದ ಬರುವ ಲೋಹದ ಸುರುಳಿ ತೆಗೆಯಲು ಕೊಕ್ಕೆ ಬಳಸಿ, ಬ್ರಷ್ ಬಳಸಿ. ಅದೂ ಲೋಹವನ್ನು ಹಿಡಿದು ತಿರುಗಿಸುವ ಚಕ್ ನಿಂತ ಮೇಲೆ.

ಹಾಗಾದರೆ ಕೈಗವಸು ಬೇಡವೆ? ಬೇಕು, ಆದರೆ ಕೆಲಸಕ್ಕೆ ತಕ್ಕದ್ದು ಬೇಕು. ನಮ್ಮ ಸ್ಟೋರ್‌ಗಳಲ್ಲಿ ಬಿಳಿ ನೂಲಿನ ಗ್ಲೌಸುಗಳ ಕಟ್ಟೊಂದಿರುತ್ತದೆ. ತಗಡು ಕೊಯ್ಯುವವನಿಗೂ ಅದೇ, ಆಸಿಡ್ ತೊಟ್ಟಿಯ ಬಳಿ ನಿಲ್ಲುವವನಿಗೂ ಅದೇ, ಅತಿಥಿಗಳು ಬಂದಾಗ ಫೋಟೊಗೂ ಅದೇ. ಯುರೋಪಿನ ಇಎನ್ 388 ಮಾನದಂಡದ ಗ್ಲೌಸಿನ ಮೇಲೆ ಸುತ್ತಿಗೆಯ ಚಿತ್ರವೊಂದಿದ್ದು, ಅದರ ಕೆಳಗಿನ ಮೊದಲ ನಾಲ್ಕು ಸ್ಥಾನಗಳು ಸವೆತ, ಕೊಯ್ತ, ಹರಿಯುವಿಕೆ ಮತ್ತು ಚುಚ್ಚುವಿಕೆಗಳನ್ನು ಅದು ಎಷ್ಟು ತಡೆಯುತ್ತದೆಂದು ಕ್ರಮವಾಗಿ ತಿಳಿಸುತ್ತವೆ. ಖರೀದಿ ವಿಭಾಗದವರು ಡಜನ್ನಿನ ಬೆಲೆ ನೋಡುವ ಮೊದಲು ಈ ಅಂಕಿಗಳನ್ನು ನೋಡಲಿ ಎಂಬುದು ನನ್ನ ಹಳೆಯ ತಕರಾರು; ಇಲ್ಲಿರುವ ಕೆಲವರು ಇದನ್ನು ನನ್ನಿಂದ ಮೂರನೆಯ ಸಲ ಕೇಳುತ್ತಿದ್ದೀರಿ.

ರಾಸಾಯನಿಕಗಳ ವಿಷಯದಲ್ಲಂತೂ ತಪ್ಪು ಕೈಗವಸು ಬರಿಯ ಭ್ರಮೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಕ್ಯಾರನ್ ವೆಟರ್‌ಹಾನ್ ವಿಷಲೋಹಗಳಲ್ಲೇ ಪರಿಣತರು. 1996ರ ಆಗಸ್ಟ್‌ನಲ್ಲಿ ಪ್ರಯೋಗ ನಡೆಸುತ್ತಿದ್ದಾಗ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷಸಂಯುಕ್ತದ ಕೆಲವೇ ಹನಿಗಳು ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ಅವರು ಅಂದಿನ ನಿಯಮಗಳನ್ನೆಲ್ಲ ಪಾಲಿಸಿದ್ದರು. ತಿಂಗಳುಗಳ ಬಳಿಕ ನಡಿಗೆ ತಪ್ಪಿತು, ಮಾತು ತೊದಲಿತು; 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ದ್ರವ ಲೇಟೆಕ್ಸನ್ನು ಸೆಕೆಂಡುಗಳಲ್ಲೇ ದಾಟುತ್ತದೆಂಬುದು ಪರೀಕ್ಷೆಯಿಂದ ತಿಳಿದುಬಂದದ್ದು ಆಮೇಲೆ. ಅಂಥ ವಿದುಷಿಯ ಗತಿಯೇ ಹೀಗಾದರೆ, ಡಬ್ಬಿಯ ಮೇಲಿನ ಹೆಸರೇ ಅಳಿಸಿಹೋಗಿರುವ ಥಿನ್ನರಿನಲ್ಲಿ ಕೈಯದ್ದುವ ನಮ್ಮ ಹುಡುಗನಿಗೆ ಯಾವ ಗ್ಲೌಸು ಬೇಕೆಂದು ಹೇಳುವವರು ಯಾರು? ರಾಸಾಯನಿಕದ ಹೆಸರು ತಿಳಿಯದೆ ಕೈಗವಸನ್ನು ಆರಿಸಲಾಗದು.

ಚೀಟಿ ಬಂದಿದೆ, ಹತ್ತು ನಿಮಿಷವಂತೆ. ಪ್ರೆಸ್ಸಿನ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ಮೇಲಿಂದ ಬೀಳುವ ಡೈಗೆ, ಎಂದರೆ ಉಕ್ಕಿನ ಅಚ್ಚಿಗೆ, ಅಡ್ಡ ನಿಲ್ಲಬಲ್ಲ ಗ್ಲೌಸು ಜಗತ್ತಿನಲ್ಲಿಲ್ಲ; ಅಲ್ಲಿ ಕಾಯುವುದು ಕೈ ಒಳಹೋಗದಂತೆ ತಡೆಯುವ ಗಾರ್ಡ್ ಮತ್ತು ಎರಡೂ ಕೈಯಿಂದ ಒತ್ತಬೇಕಾದ ಬಟನ್‌ಗಳು. ಒಂದು ಬಟನ್ನಿಗೆ ಬೆಣೆ ಬಡಿದು ಒಂದೇ ಕೈಯಲ್ಲಿ ಓಡಿಸುವ ಕಾರ್ಮಿಕನನ್ನು ಎಲ್ಲರೂ ಬೈಯುತ್ತೇವೆ; ಆ ಬೆಣೆಯನ್ನು ಬಡಿಸಿದ್ದು ತುಂಡಿಗಿಷ್ಟು ಎಂದು ಕೂಲಿ ಕೊಡುವ ಪೀಸ್ ರೇಟ್ ಎಂಬುದನ್ನು ವರದಿಯಲ್ಲಿ ಬರೆಯುವುದಿಲ್ಲ. ದ್ರೋಣ ಹೆಬ್ಬೆರಳನ್ನೇ ಕೇಳಿದ್ದು ಬೆಲೆ ತಿಳಿದೇ. 1923ರ ನಷ್ಟಪರಿಹಾರ ಕಾಯ್ದೆಯ ಅನುಸೂಚಿಯೂ ದುಡಿಯುವ ಶಕ್ತಿಯ ನಷ್ಟವನ್ನು ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7 ಎಂದು ಕಟ್ಟಿತು. ನಮ್ಮ ಫೋರ್‌ಮನ್ನರ ಅರ್ಧ ಬೆರಳಿಗೂ ಅದರಲ್ಲಿ ಪ್ರತ್ಯೇಕ ದರವಿತ್ತು.

ವಿದ್ಯುತ್ ಕೆಲಸದವರಿಗೆ ಒಂದೇ ಮಾತು. ರಬ್ಬರ್ ಕೈಗವಸನ್ನು ಪ್ರತಿ ಸಲವೂ ತೊಡುವ ಮುನ್ನ ಅದರ ತೆರೆದ ಬಾಯಿಯ ಕಡೆಯಿಂದ ಸುರುಳಿ ಸುತ್ತಿ, ಒಳಗೆ ಗಾಳಿ ಹಿಡಿದು, ಕೆನ್ನೆಯ ಬಳಿ ತಂದು ಗಾಳಿ ಸೋರುತ್ತಿದೆಯೇ ಎಂದು ನೋಡಬೇಕು. ರಬ್ಬರಿಗೆ ತೂತು ಬೀಳದಂತೆ ಅದರ ಮೇಲೆ ಚರ್ಮದ ಗ್ಲೌಸು ತೊಡಬೇಕು. ಈ ಮೇಜಿನ ಮೇಲೆ ಮೂರು ಜೋಡಿ ಇಟ್ಟಿದ್ದೇನೆ. ಒಂದಕ್ಕೆ ಬೆಳಗ್ಗೆ ನಾನೇ ಸೂಜಿ ಚುಚ್ಚಿ ತಂದಿದ್ದೇನೆ. ಊಟಕ್ಕೆ ಹೋಗುವ ಮೊದಲು ಒಬ್ಬೊಬ್ಬರಾಗಿ ಬಂದು ಅದು ಯಾವುದೆಂದು ಪತ್ತೆಹಚ್ಚಿ.