ಎಂಟುನೂರು ಜನರ ಊರು ನಗರದೊಳಗೆ ಸೇರಿದಾಗ: ಫಿನ್‌ಲ್ಯಾಂಡ್‌ನ ಸುವೊಮೆನ್ನಿಯೆಮಿ

[ದೃಶ್ಯ: ಫಿನ್‌ಲ್ಯಾಂಡ್ ನಕ್ಷೆ, ಆಗ್ನೇಯದ ಸರೋವರಗಳತ್ತ ಜೂಮ್]

ನಮಸ್ಕಾರ. ಮಿಕ್ಕೆಲಿಯಿಂದ ಲಪ್ಪೀನ್‌ರಂತಾಗೆ ಹೋಗೋ 13ನೇ ಹೆದ್ದಾರಿಯಲ್ಲಿ ಸುವೊಮೆನ್ನಿಯೆಮಿ ಅಂತ ಒಂದು ಊರಿದೆ. ಕಾಡು, ಸರೋವರ, ಮರದ ಚರ್ಚು. 2012ರಲ್ಲಿ ಇಲ್ಲಿದ್ದ ಜನ ಸುಮಾರು 800. ಅಷ್ಟು ಜನಕ್ಕೂ ಸ್ವಂತ ಕೌನ್ಸಿಲ್ ಇತ್ತು, ಸ್ವಂತ ಬಜೆಟ್ ಇತ್ತು. 2013ರ ಜನವರಿ 1ಕ್ಕೆ, ಪಕ್ಕದ ರಿಸ್ಟೀನಾ ಜೊತೆಗೇ, ಇದೂ ಮಿಕ್ಕೆಲಿ ನಗರಕ್ಕೆ ಸೇರಿತು.

[ದೃಶ್ಯ: ಶಾಲೆ, ಲೈಬ್ರರಿ]

ಅಲ್ಲಿನ ಸ್ಥಳೀಯ ಸಂಸ್ಥೆ ಸಣ್ಣದಾದರೂ ಅಧಿಕಾರ ಸಣ್ಣದಲ್ಲ. ಜನರ ಸಂಬಳದಿಂದ ಸ್ಥಳೀಯ ತೆರಿಗೆ ಎಷ್ಟು ಶೇಕಡಾ ಕಡಿತ ಆಗಬೇಕು ಅಂತ ನಿರ್ಧರಿಸೋದು ಅದೇ ಕೌನ್ಸಿಲ್. ಶಾಲೆ, ಶಿಶುವಿಹಾರ, ಲೈಬ್ರರಿ ಅದರ ಹೊಣೆ. ಆಗ ವೈದ್ಯಕೀಯ ಸೇವೆ, ವೃದ್ಧರ ಆರೈಕೆಯೂ ಅದರ ಮೇಲೇ ಇತ್ತು.

ಹುಡುಗರು ಓದು, ಕೆಲಸ ಅಂತ ಪೇಟೆ ಸೇರಿದರೆ ತೆರಿಗೆ ಕಟ್ಟೋರು ಕಡಿಮೆ, ಆರೈಕೆ ಬೇಕಾದವರು ಜಾಸ್ತಿ. ಸಣ್ಣ ಊರುಗಳು ಸೋತಿದ್ದು ಇಲ್ಲೇ. ಸಾಲದ್ದಕ್ಕೆ 2007ರ ಕಾನೂನು, ಪ್ರಾಥಮಿಕ ಆರೋಗ್ಯ ಸೇವೆ ನಡೆಸಲು ಸುಮಾರು 20,000 ಜನರ ಬಲ ಬೇಕು, ಒಂಟಿಯಾಗಿ ಆಗದಿದ್ದರೆ ನೆರೆಯವರ ಜೊತೆ ಸೇರಿ ಅಂದಿತು. 2008ರಲ್ಲಿ ದೇಶದಲ್ಲಿ 415 ಸ್ಥಳೀಯ ಸಂಸ್ಥೆಗಳಿದ್ದವು. 2009 ಶುರುವಾದಾಗ ಉಳಿದದ್ದು 348!

[ದೃಶ್ಯ: ಕುವೊಲಿಮೊ ಸರೋವರ]

ಸುವೊಮೆನ್ನಿಯೆಮಿಗೆ ಪ್ರಾಂತ್ಯವೇ ಬದಲಾಯಿತು. ದಕ್ಷಿಣ ಕರೇಲಿಯಾದಲ್ಲಿದ್ದದ್ದು ದಕ್ಷಿಣ ಸಾವೊಗೆ ಬಂತು. ಈ ಕುವೊಲಿಮೊ ನೋಡಿ, ತಿಳಿನೀರು. ಅಳಿವಿನಂಚಿನಲ್ಲಿರೋ ಸೈಮಾ ಚಾರ್ ಮೀನು ತಾನಾಗೇ ಮರಿ ಮಾಡಿ ಉಳಿದಿರೋದು ಇಲ್ಲಿ ಮಾತ್ರ. ಇದರ ಒಂದು ದಡ ಈಗ ಮಿಕ್ಕೆಲಿಯದ್ದು, ಇನ್ನೊಂದು ದಡದ ಸಾವಿತೈಪಲೆ ಇಂದಿಗೂ ದಕ್ಷಿಣ ಕರೇಲಿಯಾದಲ್ಲಿದೆ. 2023ರಲ್ಲಿ ಆರೋಗ್ಯ ಸೇವೆಯನ್ನ ಪ್ರಾಂತ್ಯ ಮಟ್ಟದ ಸಂಸ್ಥೆಗಳಿಗೆ ಕೊಟ್ಟಾಗ ಒಂದೇ ಸರೋವರದ ಜನ ಎರಡು ಬೇರೆ ವ್ಯವಸ್ಥೆಗಳ ಪಾಲಾದರು.

ಆಗಿನ ವಿಲೀನದ ಕಾನೂನು ನೌಕರರಿಗೆ ಐದು ವರ್ಷ ಕೆಲಸದ ಭದ್ರತೆ ಕೊಟ್ಟಿತ್ತು. ಒಳ್ಳೇದೇ. ಆದರೆ ನನ್ನನ್ನ ಕಾಡೋದು ಬೇರೆ. ವಿಲೀನದ ಹೊತ್ತಿಗೆ 54,000 ದಾಟಿದ್ದ ನಗರದಲ್ಲಿ ಈ ಊರಿನವರು ನೂರಕ್ಕೆ ಇಬ್ಬರೂ ಇರಲಿಲ್ಲ. ಶಾಲೆ ಇರಬೇಕೋ ಮುಚ್ಚಬೇಕೋ ಅನ್ನೋ ಚರ್ಚೆಯಲ್ಲಿ ಅವರ ವೋಟಿಗೆ ಎಷ್ಟು ಬೆಲೆ? ನಗರದ ಒಂದು ಭಾಗಕ್ಕೆ ಅಂತಲೇ ಪ್ರತ್ಯೇಕ ಸ್ಥಳೀಯ ಸಮಿತಿ ಮಾಡೋಕೆ ಫಿನ್‌ಲ್ಯಾಂಡ್ ಕಾನೂನಿನಲ್ಲಿ ಅವಕಾಶ ಇದೆ. ವಿಲೀನದ ಒಪ್ಪಂದದಲ್ಲೇ ಅಂಥ ಸಮಿತಿಯನ್ನ, ಅದರ ಕೈಗೆ ಒಂದಿಷ್ಟು ದುಡ್ಡನ್ನೂ ಬರೆದಿಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡಿಲ್ಲದ ಸಮಿತಿ ಸಲಹೆ ಕೊಡಬಹುದು, ಶಾಲೆ ಉಳಿಸೋಕಾಗಲ್ಲ.