ರಾತ್ರಿ ಹಡಗು ಎಲ್ಲಿ ನಿಲ್ಲುತ್ತದೆ?

ನಮಸ್ಕಾರ. ಮೆಡಿಟರೇನಿಯನ್ ಕ್ರೂಸ್‌ಗೆ ಹೋಗಬೇಕು ಎಂದುಕೊಂಡವರು ಮೊದಲು ವಿಚಾರಿಸುವುದು ಹಡಗಿನ ವಿಷಯ. ಬಾಲ್ಕನಿ ಇದೆಯಾ, ಈಜುಕೊಳ ಇದೆಯಾ, ವೆಜ್ ಊಟ ಸಿಗುತ್ತಾ. ಕೇಳಿ, ತಪ್ಪಿಲ್ಲ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ. ರಾತ್ರಿ ಹಡಗು ಎಲ್ಲಿ ನಿಲ್ಲುತ್ತದೆ?

ದೊಡ್ಡ ಹಡಗುಗಳ ದಿನಚರಿ ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಿಗ್ಗೆ ಏಳೆಂಟು ಗಂಟೆಗೆ ಬಂದರು. ಸಂಜೆ ಐದಾರಕ್ಕೆ ಎಲ್ಲರೂ ವಾಪಸ್. ರಾತ್ರಿಯಿಡೀ ಪ್ರಯಾಣ. ಅಂದರೆ ನೀವು ಊರನ್ನು ನೋಡುವುದು ಸುಡು ಬಿಸಿಲಲ್ಲಿ, ನಿಮ್ಮ ಜೊತೆಗೇ ಇಳಿದ ಮೂರು ನಾಲ್ಕು ಸಾವಿರ ಜನರ ನಡುವೆ. ಆದರೆ ಆ ಕರಾವಳಿಯಲ್ಲಿ ಬೇಸಿಗೆಯಲ್ಲಿ ಊರಿನವರು ಬೀದಿಗಿಳಿಯುವುದೇ ಬಿಸಿಲು ತಗ್ಗಿದ ಮೇಲೆ. ಅಷ್ಟು ಹೊತ್ತಿಗೆ ನೀವು ಮತ್ತೆ ಸಮುದ್ರದಲ್ಲಿ. ಊರು ನೋಡಿದಿರಿ, ಊರಿನವರನ್ನು ನೋಡಲಿಲ್ಲ.

ನಾನು ಹೋದದ್ದು ಇಟಲಿಯ ಎದುರು ದಡದಲ್ಲಿರುವ ಕ್ರೊಯೇಷಿಯಾಕ್ಕೆ. ಸ್ಪ್ಲಿಟ್‌ನಿಂದ ಡುಬ್ರೋವ್ನಿಕ್‌ವರೆಗೆ ಏಳು ರಾತ್ರಿ, ಚಿಕ್ಕ ಹಡಗು, 36 ಜನ. ನಡುವೆ ಬ್ರಾಚ್, ಹ್ವಾರ್, ವಿಸ್, ಕೊರ್ಚುಲಾ, ಮ್ಲ್ಯೆಟ್ ದ್ವೀಪಗಳು. ಒಂದರಿಂದ ಇನ್ನೊಂದಕ್ಕೆ ದೂರ ಕಡಿಮೆ, ಹಾಗಾಗಿ ರಾತ್ರಿ ಓಡುವ ಅಗತ್ಯವೇ ಇಲ್ಲ. ಬೆಳಿಗ್ಗೆ ಹೊರಟು, ಯಾವುದಾದರೂ ಖಾಲಿ ಕೊಲ್ಲಿಯಲ್ಲಿ ನಿಲ್ಲಿಸಿ, ಬೇಕಾದವರು ನೀರಿಗೆ ಹಾರಿ ಈಜಿ, ಹಡಗಿನಲ್ಲೇ ಊಟ ಮುಗಿಸಿ, ನಾಲ್ಕು ಗಂಟೆ ಸುಮಾರಿಗೆ ಬಂದರು ಸೇರುವುದು. ರಾತ್ರಿ ಅಲ್ಲೇ.

ಹ್ವಾರ್ ಬಂದರಿನ ಸಂಜೆಯೊಂದನ್ನು ಹೇಳಲೇಬೇಕು. ನಮಗಿಂತ ಮೊದಲೇ ಮೂರು ಹಡಗು ಬಂದಿದ್ದವು. ಧಕ್ಕೆಯಲ್ಲಿ ಜಾಗ ಇರಲಿಲ್ಲ. ನಮ್ಮ ಕ್ಯಾಪ್ಟನ್ ಮೂರನೇ ಹಡಗಿನ ಪಕ್ಕಕ್ಕೆ ತಂದು ಹಗ್ಗ ಬಿಗಿದ. ನಾವು ಊರಿಗೆ ಇಳಿಯಬೇಕಾದರೆ ಮೂರು ಹಡಗು ದಾಟಬೇಕು! ಮಳೆಗಾಲದ ರಜೆಯಲ್ಲಿ ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವಲ್ಲ, ಥೇಟ್ ಹಾಗೆ. ಯಾರದೋ ಊಟದ ಮೇಜಿನ ಪಕ್ಕದಲ್ಲಿ, ಯಾರದೋ ಒಣಗಲು ಹಾಕಿದ ಟವೆಲ್ ಕೆಳಗೆ ಬಗ್ಗಿ, ನೆರೆಮನೆಯ ಜಗಲಿ ದಾಟಿದ ಹಾಗೆ ದಾಟಿದೆವು. ಎಲ್ಲರಿಗೂ ನಗು, ಎಲ್ಲರಿಗೂ ನಮಸ್ಕಾರ. ಆ ಸಮುದ್ರದಲ್ಲಿ ಭರತ ಇಳಿತ ತೀರಾ ಕಡಿಮೆ, ಅಲ್ಲಿ ಸುಮಾರು ಒಂದಡಿ ಅಷ್ಟೇ. ಅದಕ್ಕೇ ಮನೆಗಳು ನೀರಿಗೆ ಅಷ್ಟು ಹತ್ತಿರ. ಹಡಗಿನಿಂದ ಹಲಗೆ ದಾಟಿದರೆ ನೀವು ಪೇಟೆಯಲ್ಲಿ.

ನನ್ನ ಮನಸ್ಸಿನಲ್ಲಿ ಉಳಿದ ಊರು ಮಾತ್ರ ಕೊರ್ಚುಲಾ. ಹಳೆ ಊರು ಸಮುದ್ರಕ್ಕೆ ಚಾಚಿದ ಒಂದು ಸಣ್ಣ ತುಂಡು ನೆಲ. ನಡುವೆ ಒಂದು ಬೀದಿ, ಎರಡೂ ಕಡೆಗೆ ಮೀನಿನ ಮುಳ್ಳಿನ ಹಾಗೆ ಓಣಿಗಳು. ಪಶ್ಚಿಮದ ಓಣಿಗಳು ನೇರ. ಬೇಸಿಗೆಯಲ್ಲಿ ಮಧ್ಯಾಹ್ನ ಬೀಸುವ ತಂಪು ಗಾಳಿ ಒಳಗೆ ಬರಲಿ ಅಂತ. ಪೂರ್ವದ ಓಣಿಗಳಿಗೆ ಸ್ವಲ್ಪ ಬಾಗು. ಬುರಾ ಎನ್ನುವ ಚಳಿಗಾಳಿ ನೇರವಾಗಿ ನುಗ್ಗದಿರಲಿ ಅಂತ. ಇದನ್ನು ಗೈಡ್ ಹಗಲಲ್ಲೇ ಹೇಳಿದ್ದರು. ನನಗೆ ಅರ್ಥವಾದದ್ದು ರಾತ್ರಿ ಹತ್ತಕ್ಕೆ. ಪಶ್ಚಿಮದ ಓಣಿಯೊಂದರಲ್ಲಿ ಒಬ್ಬ ಅಜ್ಜಿ ಕುರ್ಚಿಯನ್ನು ಬಾಗಿಲಾಚೆ ಹಾಕಿಕೊಂಡು ಕೂತಿದ್ದರು, ಮುಖ ಸಮುದ್ರದ ಕಡೆಗೆ. ಕಾಲ ಕೆಳಗಿನ ಮೆಟ್ಟಿಲು ನಡುವೆ ಸವೆದು ಒರಳುಕಲ್ಲಿನ ಹಾಗೆ ತಗ್ಗಾಗಿತ್ತು. ಮೇಲೆ ಹಗ್ಗದಲ್ಲಿ ಒಗೆದ ಬಟ್ಟೆ ಅಲ್ಲಾಡುತ್ತಿತ್ತು. ಆ ಗಾಳಿಗಾಗಿಯೇ ನೂರಾರು ವರ್ಷದ ಹಿಂದೆ ಯಾರೋ ಆ ಓಣಿಯನ್ನು ನೇರವಾಗಿ ಎಳೆದಿದ್ದಾರೆ. ಐದು ಗಂಟೆಗೆ ಹೊರಟುಬಿಡುವ ಹಡಗಿನಲ್ಲಿ ಇದ್ದಿದ್ದರೆ ಇದು ನನಗೆ ಸಿಗುತ್ತಿತ್ತಾ?

ಇನ್ನು ದುಡ್ಡಿನ ವಿಷಯ. ದೊಡ್ಡ ಹಡಗಿನಲ್ಲಿ ರಾತ್ರಿ ಊಟಕ್ಕೆ ಮೊದಲೇ ಹಣ ಕಟ್ಟಿರುತ್ತೀರಿ. ಊರಿನಲ್ಲಿ ಕೊಳ್ಳುವುದು ಒಂದು ಐಸ್‌ಕ್ರೀಮ್, ಒಂದು ಮ್ಯಾಗ್ನೆಟ್. ನಮ್ಮ ಹಡಗಿನಲ್ಲಿ ರಾತ್ರಿ ಊಟ ಸಾಮಾನ್ಯವಾಗಿ ಹೊರಗೆ. ವಿಸ್‌ನಲ್ಲಿ ಗಂಡ ಹೆಂಡತಿ ನಡೆಸುವ ಒಂದು ಕೊನೊಬಾಗೆ ಹೋದೆವು. ಕೊನೊಬಾ ಅಂದರೆ ಮನೆ ಅಡುಗೆಯ ಸಣ್ಣ ಹೋಟೆಲ್. ಮಾಂಸ ಮೀನು ತಿನ್ನುವುದಿಲ್ಲ ಎಂದೆ. ಬ್ಲಿಟ್ವಾ ತಂದಿಟ್ಟರು. ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಮೇಲೆ ಧಾರಾಳ ಆಲಿವ್ ಎಣ್ಣೆ. ಸೊಪ್ಪಿನ ಪಲ್ಯವೇ ಅನ್ನಿ. ಎರಡು ಸಲ ಹಾಕಿಸಿಕೊಂಡೆ. ಕ್ರೊಯೇಷಿಯಾ ಯುಗೊಸ್ಲಾವಿಯಾ ದೇಶದ ಭಾಗವಾಗಿದ್ದ ಕಾಲದಲ್ಲಿ ವಿಸ್ ಮಿಲಿಟರಿ ನೆಲೆ. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ದೊಡ್ಡ ಹೋಟೆಲುಗಳು ಅಲ್ಲಿ ಎದ್ದು ನಿಲ್ಲದಿರಲು ಅದೂ ಒಂದು ಕಾರಣ. ಅಂಥ ಊರಿನಲ್ಲಿ ನಾವು ಕೊಟ್ಟ ಬಿಲ್ ನೇರವಾಗಿ ಆ ಮನೆಯವರ ಕೈಗೆ ಹೋಯಿತು.

ಡುಬ್ರೋವ್ನಿಕ್ ಹಳೆ ಊರನ್ನು ಸುತ್ತುವ ಕೋಟೆಗೋಡೆ ಎರಡು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ಸಣ್ಣ ಜಾಗಕ್ಕೆ ಒಂದೇ ಬೆಳಿಗ್ಗೆ ಹಲವು ಹಡಗಿನ ಜನ ನುಗ್ಗಿದರೆ ಏನಾಗಬೇಕು? 2019ರಲ್ಲಿ ಅಲ್ಲಿಯ ನಗರಾಡಳಿತ ಒಮ್ಮೆಗೆ ಎರಡೇ ಕ್ರೂಸ್ ಹಡಗು ಸಾಕು ಎಂದಿತು. ವೆನಿಸ್‌ನಲ್ಲಿ 2021ರ ಆಗಸ್ಟ್‌ನಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ಸೇಂಟ್ ಮಾರ್ಕ್ಸ್ ಚೌಕದ ಮುಂದೆ ಹಾದುಹೋಗುವ ಹಾಗಿಲ್ಲ. ಪ್ರವಾಸಿಗರ ಮೇಲಿನ ಸಿಟ್ಟು ಎಂದು ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಗೋಡೆಯ ಮೇಲೆ ನಿಂತು ಕೆಳಗೆ ನೋಡಿ. ಮಾಸಿದ ಹೆಂಚುಗಳ ನಡುವೆ ಹೊಸ ಕೆಂಪು ಹೆಂಚುಗಳು ಎದ್ದು ಕಾಣುತ್ತವೆ. ಯುಗೊಸ್ಲಾವಿಯಾ ಒಡೆಯುವಾಗ ನಡೆದ 1991–92ರ ಯುದ್ಧದಲ್ಲಿ ಶೆಲ್ ಬಿದ್ದ ಸೂರುಗಳವು. ಅಷ್ಟೆಲ್ಲ ಕಂಡು ಮತ್ತೆ ಹೆಂಚು ಹೊದೆಸಿಕೊಂಡ ಜನ, ತಮ್ಮ ಬೀದಿಯಲ್ಲಿ ತಾವು ನಡೆಯಲು ಜಾಗ ಬೇಕು ಎಂದರೆ ಅದು ನ್ಯಾಯ.

ಚಿಕ್ಕ ಹಡಗಿನ ತೊಂದರೆಗಳನ್ನೂ ಹೇಳಿಬಿಡುತ್ತೇನೆ. ಗಾಳಿ ಎದ್ದರೆ ಜಾಸ್ತಿ ಅಲ್ಲಾಡುತ್ತದೆ. ಕೆಲವೊಮ್ಮೆ ಒಂದು ದ್ವೀಪವನ್ನೇ ಬಿಡಬೇಕಾಗುತ್ತದೆ. ಪಕ್ಕದ ಹಡಗಿನ ಜನರೇಟರ್ ಸದ್ದಿಗೆ ನನಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಮಾಂಟೆನೆಗ್ರೋದ ಕೋಟರ್‌ವರೆಗೆ ಹೋಗುವ ಹಡಗಾದರೆ ನೀವು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಕ್ರೊಯೇಷಿಯಾ ಅದರಲ್ಲಿದೆ, ಮಾಂಟೆನೆಗ್ರೋ ಇಲ್ಲ) ಗಡಿ ದಾಟುತ್ತೀರಿ, ಮರಳಿ ಬರಬೇಕಾದರೆ ಮಲ್ಟಿಪಲ್ ಎಂಟ್ರಿ ವೀಸಾ ಇರಲೇಬೇಕು. ಇದನ್ನು ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ತೊಂದರೆ ಮೆಟ್ಟಿಲು. ನಮ್ಮ ಹಡಗಿನಲ್ಲಿ ಲಿಫ್ಟ್ ಇರಲಿಲ್ಲ, ಮೆಟ್ಟಿಲು ಕಡಿದು. ಮಂಡಿನೋವಿರುವ ನನ್ನ ಅಮ್ಮನಿಗೆ ಅದು ಆಗುವುದಿಲ್ಲ. ಹಾಗಂತ ದೊಡ್ಡ ಹಡಗಿಗೆ ಹತ್ತಿಸಲು ನನಗೆ ಮನಸ್ಸಿಲ್ಲ. ಸ್ಪ್ಲಿಟ್‌ನಿಂದ ಬ್ರಾಚ್ ದ್ವೀಪಕ್ಕೆ ಫೆರಿ ಇದೆ, ಐವತ್ತು ನಿಮಿಷದ ಹಾದಿ. ಮುಂದಿನ ಸಲ ಅಮ್ಮನ ಜೊತೆ ಅದರಲ್ಲೇ ಹೋಗಿ, ಬಂದರಿನ ಹತ್ತಿರ ಕೆಳಗಿನ ಮಹಡಿಯಲ್ಲೇ ಒಂದು ಮನೆ ಬಾಡಿಗೆಗೆ ಹಿಡಿಯಬೇಕು ಎಂದುಕೊಂಡಿದ್ದೇನೆ. ಸಂಜೆ ಹೊತ್ತು ಬಾಗಿಲಾಚೆ ಎರಡು ಕುರ್ಚಿ ಹಾಕಲು ಜಾಗ ಇರುವಂಥದ್ದು.